ಕಣ್ಣಿಗೂ ಕಾಯಿಗೂ ನಡುವೆ

ನನ್ನ ಬಾಯಿ ಜೋರು ಎಂದು ನಾಪೋಕ್ಲು ಸುತ್ತಿನಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಲಿ. ಆ ಬಾಯಿ ಒಮ್ಮೆ ನನ್ನ ಅಪ್ಪನ ಕೈಯಿಂದ ಕೋವಿಯನ್ನೇ ತಪ್ಪಿಸಿತ್ತು. ಅದೇ ದಿನ ಅದೇ ಬಾಯಿ ಅದನ್ನು ವಾಪಸ್ ಕೇಳಿತು. ಜನ ಇದರಲ್ಲಿ ಅರ್ಧ ಮಾತ್ರ ಹೇಳುತ್ತಾರೆ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ನನಗೆ ಇಪ್ಪತ್ತು ತುಂಬಿತ್ತು. ಹೆಣ್ಣು ನೋಡಲು ಬಂದ ಇಬ್ಬರನ್ನು ಬೇಡವೆಂದು ಕಳಿಸಿಯೂ ಆಗಿತ್ತು. ಅಪ್ಪನದು ಒಂಟಿ ನಳಿಗೆಯ ಹಳೆಯ ಕೋವಿ. ನಳಿಗೆಯ ತುದಿಯಲ್ಲಿ ಒಳ್ಳೆಮೆಣಸಿನ ಕಾಳಿಗಿಂತ ಸಣ್ಣದೊಂದು ಹಿತ್ತಾಳೆ ಮಣಿ, ಈಚೆ ಕಣ್ಣಿನ ಕಡೆಗೆ ಒಂದು ಕಚ್ಚು. ಕಚ್ಚಿನ ನಡುವೆ ಮಣಿ ಕೂರಬೇಕು, ಮಣಿಯ ಮೇಲೆ ಗುರಿಗೆ ಕಟ್ಟಿದ ತೆಂಗಿನಕಾಯಿ ಕೂರಬೇಕು. ಇಷ್ಟೇ ವಿದ್ಯೆ. ಆದರೆ ಕಚ್ಚು, ಮಣಿ, ಕಾಯಿ ಮೂರನ್ನೂ ಒಟ್ಟಿಗೆ ನಿಚ್ಚಳವಾಗಿ ನೋಡುವ ಕಣ್ಣನ್ನು ದೇವರು ಯಾರಿಗೂ ಕೊಟ್ಟಿಲ್ಲ. ಮನೆಯ ಹಿಂದಿನ ಗದ್ದೆಯಲ್ಲಿ ಕೋವಿ ಹಿಡಿಯಲು ಕಲಿಸುವಾಗ ಅಪ್ಪ ನನಗೆ ಹೇಳಿದ್ದು ಒಂದೇ ಮಾತು. “ಮಣಿ ನೋಡ್. ಕಾಯಿ ಮಂಜಾದ್ರೆ ಆಗ್ಲಿ, ಮಣಿ ಮಂಜಾಗ್ಬಾರ್ದು.”

ಎರಡು ವರ್ಷದಿಂದ ಆ ಮಣಿಯೇ ಅಪ್ಪನಿಗೆ ಮಂಜಾಗತೊಡಗಿತ್ತು. ವಯಸ್ಸು ಐವತ್ತು ದಾಟಿತ್ತು. ದೂರದ ಮರದ ಅಳಿಲು ಕಾಣುತ್ತಿತ್ತು, ಕೈಯಲ್ಲಿದ್ದ ಪೇಪರು ಕಾಣುತ್ತಿರಲಿಲ್ಲ. ಮಡಿಕೇರಿಗೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದರು. ಅದನ್ನು ಹಾಕಿಕೊಂಡರೆ ಮಣಿ ನಿಚ್ಚಳ, ಕಾಯಿ ಒಂದು ಕಂದು ಮುದ್ದೆ. ಅಪ್ಪನಿಗೆ ಅಷ್ಟೇ ಸಾಕಿತ್ತು. ಆಯುಧಗಳ ಹಬ್ಬವಾದ ಕೈಲು ಮುಹೂರ್ತದ ದಿನ ಊರಿನ ಬಯಲಿನಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ಇರುತ್ತದೆ. ನಾನು ಕಂಡಂತೆ ಆವರೆಗೆ ಅಲ್ಲಿ ಅಪ್ಪನ ಗುರಿ ತಪ್ಪಿರಲೇ ಇಲ್ಲ. ವರ್ಷವಿಡೀ ಅವರು ಇನ್ನೊಬ್ಬರ ಎಸ್ಟೇಟಿನಲ್ಲಿ ಕೂಲಿ ಲೆಕ್ಕ ಬರೆಯುವ ರೈಟರ್. ಕೂಲಿಯವರ ಮುಂದೆ ಒಂದು ದನಿ, ಮ್ಯಾನೇಜರ ಮುಂದೆ ಇನ್ನೊಂದು ದನಿ. ಆ ಒಂದು ಮಧ್ಯಾಹ್ನ ಮಾತ್ರ ಅವರು ಯಾರ ಮುಂದೆಯೂ ತಲೆ ತಗ್ಗಿಸದೆ ನಿಲ್ಲುತ್ತಿದ್ದರು. ಅದನ್ನು ನೋಡಲೆಂದೇ ನಾನು ಹೋಗುತ್ತಿದ್ದೆ.

ಆ ವರ್ಷವೂ ಬೆಳಿಗ್ಗೆ ಕೋವಿಗೆ ಎಣ್ಣೆ ಒರೆಸಿ, ತೋಕು ಹೂವು ಮುಡಿಸಿ ಪೂಜೆ ಮಾಡಿ, ಕಡುಬು ಹಂದಿಮಾಂಸ ಉಂಡು ಬಯಲಿಗೆ ಹೋದೆವು. ಅಪ್ಪ ಕೆಲಸಕ್ಕಿದ್ದ ಎಸ್ಟೇಟಿಗೆ ಪಾಲಿಬೆಟ್ಟದ ಕಡೆಯಿಂದ ಹೊಸದಾಗಿ ಬಂದಿದ್ದ ಮ್ಯಾನೇಜರೂ ಅಲ್ಲಿದ್ದರು. ಊರು ಬಿಟ್ಟು ಹೋದ ಬಿಳಿ ದೊರೆಯೊಬ್ಬರಿಂದ ಕೊಂಡ ಕೋವಿ ಅವರದು. ಅದರ ಬೆನ್ನ ಮೇಲೆ ಓರೆಯಾಗಿ ಕೂರಿಸಿದ ಒಂದು ಗಾಜಿನ ತುಂಡು. ಆ ಗಾಜಿನೊಳಗೆ ನೋಡಿದರೆ ಒಂದು ಕೆಂಪು ಚುಕ್ಕೆ. ಮನುಷ್ಯ ಕೆಟ್ಟವರಲ್ಲ, ಕೇಳಿದವರಿಗೆಲ್ಲ ನೋಡಲು ಕೊಟ್ಟರು. ನಾನೂ ನೋಡಿದೆ. ಎರಡು ಕಣ್ಣೂ ಬಿಟ್ಟುಕೊಂಡು ನೋಡಬಹುದು. ಕಚ್ಚಿಲ್ಲ, ಮಣಿಯಿಲ್ಲ. ತಲೆ ಸ್ವಲ್ಪ ಆಚೀಚೆ ಸರಿದರೂ ಚುಕ್ಕೆ ಕಾಯಿಯ ಮೇಲೆ ಕುಂಕುಮದ ಬೊಟ್ಟಿನ ಹಾಗೆ ಕೂತೇ ಇರುತ್ತದೆ. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದಕ್ಕೇ ನನ್ನ ಹೊಟ್ಟೆ ಉರಿಯಿತು. ಅಪ್ಪ ಮೂವತ್ತು ವರ್ಷ ಉಸಿರು ಹಿಡಿದು ಕಲಿತದ್ದನ್ನು ಒಂದು ಗಾಜಿನ ಚೂರು ಕೂತಲ್ಲೇ ಮಾಡುವುದೆಂದರೆ ಏನು?

“ಇದು ಗುರಿ ಅಲ್ಲ, ಮೋಸ,” ಎಂದೆ. ಮೆಲ್ಲಗೆ ಹೇಳುವ ಅಭ್ಯಾಸ ನನಗಿಲ್ಲ.

ದೇವಸ್ಥಾನದ ಕೆಲಸದಿಂದ ಹಿಡಿದು ಈ ಪಂದ್ಯದವರೆಗೆ ಎಲ್ಲಕ್ಕೂ ತೀರ್ಮಾನ ಹೇಳುತ್ತಿದ್ದವರು ಊರಿನ ತಕ್ಕರು. ಅವರು ನನ್ನತ್ತ ತಿರುಗಿದರು. “ಹಾಗಾದ್ರೆ ಎಂಥ ಮಾಡ್ಬೇಕು ಅಂತೀಯಾ?”

“ಕಣ್ಣಿಗೂ ಕಾಯಿಗೂ ನಡುವೆ ಗಾಜು ಇರಬಾರದು ಅಂತ ಹೇಳಿಬಿಡಿ.”

ಸುತ್ತ ನಿಂತಿದ್ದವರು ಹೌದು ಹೌದು ಎಂದರು. ಹೊಸಬನ ಹೊಸ ಸಾಮಾನು ಯಾರಿಗೂ ಹಿಡಿಸಿರಲಿಲ್ಲ, ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ. ತಕ್ಕರು ನನ್ನ ಮಾತನ್ನೇ ದೊಡ್ಡ ದನಿಯಲ್ಲಿ ಹೇಳಿ ನಿಯಮ ಮಾಡಿದರು. ಮ್ಯಾನೇಜರು ತಕರಾರು ಮಾಡದೆ ಸ್ಕ್ರೂ ಬಿಚ್ಚಿ ಗಾಜನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅಪ್ಪನ ಮುಖ ನೋಡಿ ಕೇಳಿದರು. “ಅದೂ ಗಾಜೇ ಅಲ್ವಾ ರೈಟ್ರೇ?”

ಅಪ್ಪ ಕನ್ನಡಕ ತೆಗೆದು ಮಡಚಿ ಅಂಗಿಯ ಜೇಬಿಗೆ ಹಾಕಿದರು. ನನ್ನತ್ತ ನೋಡಲಿಲ್ಲ. ನೋಡಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಪಂದ್ಯಕ್ಕೆ ಒಂದೊಂದು ಮನೆಗೆ ಎರಡೆರಡು ತೋಟಾ. ಅಪ್ಪ ಮೊದಲನೆಯದನ್ನು ತುಂಬಿ ನಿಂತರು. ಕೋವಿ ಏರಿಸಿದರು, ಇಳಿಸಿದರು, ಕಣ್ಣುಜ್ಜಿಕೊಂಡು ಮತ್ತೆ ಏರಿಸಿದರು. ಕಾಯಿ ಕಾಣುತ್ತಿದೆ, ಮಣಿ ಕಾಣುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಗುಂಡು ಹೋಯಿತು. ಕಾಯಿ ಅಲ್ಲಾಡಲಿಲ್ಲ. ಯಾರೋ ಹಿಂದಿನಿಂದ ನಕ್ಕರು. ಅಪ್ಪ ಕೋವಿಯನ್ನು ಹೆಗಲಿಗೆ ಹಾಕಿಕೊಂಡು, ಎರಡನೆಯ ತೋಟಾ ಮುಟ್ಟದೆ, ಮನೆ ಕಡೆ ಹೊರಟರು.

ನಾನು ತಕ್ಕರ ಎದುರು ಹೋಗಿ ನಿಂತೆ. “ನಿಯಮ ತೆಗೀರಿ. ಹೇಳಿದ್ದು ನಾನೇ, ತಪ್ಪು ನಂದೇ. ಅವರ ಗಾಜೂ ಇರ್ಲಿ, ಅಪ್ಪನ ಗಾಜೂ ಇರ್ಲಿ.”

“ಆಡಿದ್ದಾಯ್ತು. ಮಕ್ಕಳಾಟ ಅಲ್ಲ ಇದು. ಇನ್ನು ಬದಲಿಲ್ಲ.”

“ಇಲ್ಲವಾ?”

“ಇಲ್ಲ.”

ನಾನು ಓಡಿಹೋಗಿ ಅಪ್ಪನ ದಾರಿ ತಡೆದೆ. ಅವರ ಜೇಬಿನಿಂದ ಕನ್ನಡಕ ತೆಗೆದು ನನ್ನ ಮೂಗಿಗೆ ಏರಿಸಿದೆ, ಹೆಗಲಿನಿಂದ ಕೋವಿ ಇಳಿಸಿಕೊಂಡೆ, ತೋಟಾಕ್ಕೆ ಕೈ ನೀಡಿದೆ. ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕೊಟ್ಟರು. ತುಂಬಿಕೊಂಡು ಹೋಗಿ ಗೆರೆಯ ಮೇಲೆ ನಿಂತೆ. ಆ ಗೆರೆಯ ಮೇಲೆ ಅಲ್ಲಿಯವರೆಗೆ ನಮ್ಮೂರಿನ ಯಾವ ಹೆಣ್ಣೂ ನಿಂತಿರಲಿಲ್ಲ.

“ಈಗ ಗಾಜೂ ಇದೆ, ಹೆಣ್ಣೂ ಇದೆ,” ಎಂದೆ. “ಮೊದಲು ಯಾವುದನ್ನ ನಿಲ್ಲಿಸ್ತೀರಿ, ಹೇಳಿ.”

ತಕ್ಕರು ಬಾಯಿ ತೆರೆದರು. ಯಾವುದೆಂದು ಅವರಿಗೂ ತಕ್ಷಣ ತೋಚಲಿಲ್ಲ. ಅಷ್ಟು ಹೊತ್ತು ನನಗೆ ಸಾಕಾಯಿತು.

ಅಪ್ಪನ ಕನ್ನಡಕದಲ್ಲಿ ನನ್ನ ಎಳೆಗಣ್ಣಿಗೆ ಮರವೂ ಆಕಾಶವೂ ಕಲಸಿಹೋಗಿದ್ದವು. ಕಾಯಿ ಎಂಬುದು ಎಲ್ಲೋ ಒಂದು ಕಂದು ಮುದ್ದೆ. ಆದರೆ ಮಣಿ ಇತ್ತು. ಅದರ ಮೇಲಿನ ಸಣ್ಣ ಗೀರು ಕೂಡ ಕಾಣುವಷ್ಟು ನಿಚ್ಚಳವಾಗಿತ್ತು. ಅಪ್ಪ ಎರಡು ವರ್ಷದಿಂದ ಹೀಗೆ, ಕಾಯಿಯನ್ನು ನಂಬಿಕೆಯ ಮೇಲೆ ಬಿಟ್ಟು ಹೊಡೆಯುತ್ತಿದ್ದರು ಎಂಬುದು ಆಗ ಅರ್ಥವಾಯಿತು. ಉಸಿರು ಹಿಡಿದು ಕುದುರೆ ಎಳೆದೆ.

ತಗಲಿತೋ ಇಲ್ಲವೋ ನನಗೆ ಕಾಣಲಿಲ್ಲ. ನನ್ನ ಬೆನ್ನ ಹಿಂದೆ ಬಂದು ನಿಂತಿದ್ದ ಅಪ್ಪನಿಗೆ, ಬರಿಗಣ್ಣಿಗೆ, ದೂರದ್ದೆಲ್ಲ ಕಾಣುತ್ತಿತ್ತು. ನಮ್ಮ ಮನೆಯ ಅರೆಭಾಷೆಯಲ್ಲಿ, ನನಗೆ ಮಾತ್ರ ಕೇಳುವಂತೆ ಹೇಳಿದರು.

“ನೀರ್ ಸುರೀತಾ ಉಟ್ಟು.” ಕಾಯಿಯಿಂದ ನೀರು ಸುರಿಯುತ್ತಿದೆ ಎಂದು.

ಆ ಗುಂಡನ್ನು ಹಿರಿಯರು ಪಂದ್ಯಕ್ಕೆ ಸೇರಿಸಲಿಲ್ಲ. ಗಾಜಿನಿಂದ ಹೊಡೆದದ್ದು ಎಂದು ಕೆಲವರು, ಹೆಣ್ಣು ಹೊಡೆದದ್ದು ಎಂದು ಕೆಲವರು. ಸೇರಿಸದಿದ್ದರೆ ಬಿಡಲಿ, ಒಡೆದ ಕಾಯಿ ಮತ್ತೆ ಕೂಡಿಕೊಳ್ಳಲಿಲ್ಲ.

ಮರುವರ್ಷ ಆ ನಿಯಮದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮ್ಯಾನೇಜರು ಗಾಜು ಕೂರಿಸಿಕೊಂಡೇ ಬಂದರು, ಕೆಂಪು ಚುಕ್ಕೆಯಿಂದ ಕಾಯಿ ಹೊಡೆದರು. ನನಗೆ ಈಗಲೂ ಅದು ಸೇರುವುದಿಲ್ಲ. ಆದರೂ ಆ ದಿನ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು, ಯಾಕೆಂದರೆ ಅವರ ನಂತರದ ಸರದಿ ಅಪ್ಪನದು. ಅಪ್ಪ ಯಾರನ್ನೂ ಕೇಳದೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಗೆರೆಯ ಮೇಲೆ ನಿಂತರು. ಒಂದೇ ಗುಂಡಿಗೆ ಕಾಯಿ ಹೋಳಾಯಿತು. ತಿರುಗಿ ಬಂದು, ಕನ್ನಡಕ ತೆಗೆದು ಒರೆಸುತ್ತಾ, ಎಲ್ಲರೂ ನೋಡುತ್ತಿರುವಂತೆಯೇ ಉಳಿದ ತೋಟಾವನ್ನು ನನ್ನ ಕೈಯಲ್ಲಿಟ್ಟರು.