ಅಫರ್ಡ್ ಅಂದ್ರೇನು ಸಾರ್?

ಕನ್ನಡಕದ ಅಂಗಡಿಯ ಸೇಲ್ಸ್‌ಮನ್‌ಗೆ ಒಂದು ಪದದ ಮೇಲೆ ಬಲು ಮೋಹ. 'ಎಷ್ಟರೊಳಗೆ ಬೇಕು' ಎಂದರೆ ಗಿರಾಕಿಯ ಮುಖ ಬಾಡುತ್ತದೆ, 'ಎಷ್ಟು ಅಫರ್ಡ್ ಮಾಡ್ತೀರಿ' ಎಂದರೆ ಅದೇ ಗಿರಾಕಿ ಎದೆಯುಬ್ಬಿಸುತ್ತಾನೆ ಎನ್ನುವುದು ಅವನ ಲೆಕ್ಕ.

ಅಂದು ಮಧ್ಯಾಹ್ನ ದಾರ ಕಟ್ಟಿದ ಮುರುಕು ಕನ್ನಡಕ ಹಾಕಿಕೊಂಡು ಅವನ ಅಮ್ಮನೇ ಒಳಗೆ ಬಂದಳು. ಅಂಗಡಿಯ ಜೊತೆ ಕೆಲಸಗಾರರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ಅವನು ಗುರುತೇ ಇಲ್ಲದವನಂತೆ, "ಬನ್ನಿ ಮೇಡಂ, ಎಷ್ಟು ಅಫರ್ಡ್ ಮಾಡ್ತೀರಿ?" ಎಂದುಬಿಟ್ಟ.

ಅಮ್ಮ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮಗನ ಮಾನ ಉಳಿಸುವವಳಂತೆ ಮೆಲ್ಲಗೆ, "ಹಂಗಂದ್ರೇನು ಸಾರ್?" ಎಂದಳು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ. ತಲೆ ತಗ್ಗಿಸಿ ಅರ್ಥ ಹೇಳಿದ: "ನಿಮ್ಮ ಕೈಲಿ ಎಷ್ಟಾಗುತ್ತೆ ಅಂತ."

"ನನ್ನ ಕೈಲೇನಿದೆ ಸಾರ್? ಮಗ ಕೊಟ್ಟಷ್ಟು."