ಎಡ ತಿರುವಿನ ಏರಿನಲ್ಲಿ ನಿಲ್ಲುತ್ತಿದ್ದ ವ್ಯಾನು

ಗ್ಯಾರೇಜಿನ ಮೇಸ್ತ್ರಿಗೆ ನಿದ್ದೆ ಅನ್ನುವುದು ದೂರದ ನೆಂಟನಂತಾಗಿತ್ತು. ಬಂದರೂ ಹೊಸ್ತಿಲಲ್ಲೇ ನಿಂತು ಹೊರಟುಬಿಡುತ್ತಿತ್ತು. ಮಗಳು ಎಳೆಗೂಸನ್ನು ಎತ್ತಿಕೊಂಡು ಮನೆಗೆ ಬಂದಿದ್ದಳು. ಇರುವುದು ಎರಡೇ ಕೋಣೆ. ಕೂಸು ಅತ್ತರೆ ಎಲ್ಲರಿಗೂ ಜಾಗರಣೆ. ಹೆಂಡತಿ, ಮಗಳು, ಮೇಸ್ತ್ರಿ ಸರದಿಯ ಮೇಲೆ ಅದನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ಓಡಾಡುತ್ತಿದ್ದರು.

"ಅಪ್ಪಾ, ನಿಮ್ಮ ಚಾರ್ಟಲ್ಲಿ ಇವಳ ಅಳುವಿಗೆ ಏನಾದ್ರೂ ಬರೆದಿದ್ಯಾ?" ಎಂದಳು ಮಗಳು, ಅವನು ಕೆಲಸಕ್ಕೆ ಹೊರಟಾಗ.

"ಬರೆದಿದ್ರೆ ನಿನ್ನ ಕಾಲಕ್ಕೇ ಉಪಯೋಗಿಸ್ತಿರಲಿಲ್ವಾ?" ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

ಗ್ಯಾರೇಜಿನಲ್ಲಿ ಚಾರ್ಟಿನ ಕೆಲಸವೆಲ್ಲ ಅವನ ತಲೆಗೇ ಬರುತ್ತಿತ್ತು. ಗಾಡಿಯಲ್ಲಿ ದೋಷ ಸೂಚಿಸುವ ಎಂಜಿನ್ ದೀಪ ಹೊತ್ತಿಕೊಂಡರೆ ಸ್ಕ್ಯಾನರ್ ಸಿಕ್ಕಿಸಬೇಕು, ಅದು ಒಂದು ಕೋಡ್ ತೋರಿಸುತ್ತದೆ. ಆ ಕೋಡಿಗೊಂದು ಫ್ಲೋ ಚಾರ್ಟ್. ಪ್ರತಿ ಚೌಕದಲ್ಲೂ ಒಂದು ಪ್ರಶ್ನೆ. ಹೌದು ಅಂದರೆ ಈ ಬಾಣ, ಇಲ್ಲ ಅಂದರೆ ಆ ಬಾಣ. ಉಳಿದವರು ಕೋಡ್ ಯಾವ ಭಾಗದ ಹೆಸರು ಹೇಳಿತೋ ಅದನ್ನೇ ಕಿತ್ತು ಹೊಸದು ಹಾಕಿಬಿಡುತ್ತಿದ್ದರು. ಮೇಸ್ತ್ರಿ ಬಾಣ ಹಿಡಿದು ಕೊನೆಯ ಚೌಕದವರೆಗೂ ಹೋಗುತ್ತಿದ್ದ. ಅವನಿಗೆ ಅವರಿಗಿಂತ ಹೆಚ್ಚು ತಾಳ್ಮೆ ಇತ್ತೆಂದೇನಲ್ಲ. ಒಂದೇ ಕೆಲಸಕ್ಕೆ ಎರಡು ಸಲ ಸೊಂಟ ಬಗ್ಗಿಸುವುದು ಅವನಿಗೆ ಬೇಡವಾಗಿತ್ತು, ಅಷ್ಟೆ.

ಈ ವ್ಯಾನಿಗೆ ಮಾತ್ರ ಎಷ್ಟು ಸಲ ಬಗ್ಗಿದರೂ ಸಾಲದಾಗಿತ್ತು. ಲಾಂಡ್ರಿಯಿಂದ ಆಸ್ಪತ್ರೆಗಳಿಗೆ ಒಗೆದ ಬೆಡ್‌ಶೀಟ್ ಸಾಗಿಸುವ ವ್ಯಾನು ಅದು. ಓಡುತ್ತಾ ಓಡುತ್ತಾ ಗಪ್ಪೆಂದು ನಿಲ್ಲುತ್ತಿತ್ತು; ಚೂರು ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರಿನ ಕೋಡ್ ಬರುತ್ತಿತ್ತು. ಮೇಸ್ತ್ರಿ ಚಾರ್ಟ್ ಹಿಡಿದು ಕನೆಕ್ಟರ್ ನೋಡಿದ, ಮೀಟರ್ ಇಟ್ಟು ವೈರ್ ನೋಡಿದ, ಸೆನ್ಸರನ್ನೂ ಅಳೆದ. ಎಲ್ಲ ಸರಿ. ಕೊನೆಯ ಚೌಕ ಹೇಳಿತು: ದೋಷ ಈಗ ಕಾಣದಿದ್ದರೆ ಗಾಡಿ ಓಡಿಸಿ, ಯಾವ ಸಂದರ್ಭದಲ್ಲಿ ಬರುತ್ತದೆಂದು ಗಮನಿಸಿ.

"ಹೋಗಿ ಬಾ. ಡೆಲಿವರಿ ನಿಲ್ಲಿಸೋಕಾಗಲ್ಲ ಅಂತಿದ್ದಾರೆ ಲಾಂಡ್ರಿಯವರು, ಜೊತೇಲೇ ಕೂತ್ಕೊ," ಎಂದ ಗ್ಯಾರೇಜಿನ ಯಜಮಾನ.

ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಮೇಸ್ತ್ರಿ ವ್ಯಾನ್ ಹತ್ತಿದ. ಡ್ರೈವರ್ ಬಾಯಿಗೆ ಬ್ರೇಕಿಲ್ಲದ ಮನುಷ್ಯ. ಮೈದುನನ ಮನೆ ಜಗಳ, ತನ್ನ ಮೊಣಕಾಲು, ಲಿಫ್ಟ್ ಕೆಟ್ಟ ಆಸ್ಪತ್ರೆ, ಒಂದೂ ಬಿಡದೆ ಹೇಳುತ್ತಿದ್ದ. ಹಿಂದಿನಿಂದ ಇಸ್ತ್ರಿ ಬಟ್ಟೆಯ ಬೆಚ್ಚನೆ ವಾಸನೆ. ಮೇಸ್ತ್ರಿ ಪರದೆಯ ಮೇಲೆ ಕಣ್ಣಿಟ್ಟು "ಹೂಂ" ಎಂದ, ಮತ್ತೆ "ಹೂಂ" ಎಂದ, ಆಮೇಲೆ ಅದನ್ನೂ ಅನ್ನಲಿಲ್ಲ.

ಕಣ್ಣು ಬಿಟ್ಟಾಗ ವ್ಯಾನು ಆಸ್ಪತ್ರೆಯ ಹಿಂಬಾಗಿಲಲ್ಲಿ ನಿಂತಿತ್ತು. ಕುತ್ತಿಗೆಯ ಕೆಳಗೆ ಯಾರೋ ಮಡಿಸಿದ ಟವೆಲ್ ಇಟ್ಟಿದ್ದರು.

"ನಿಂತಿತ್ತಾ?" ಎಂದು ಗಾಬರಿಯಿಂದ ಕೇಳಿದ.

"ನಿಂತಿತ್ತು ಮೇಸ್ತ್ರಿ. ಎರಡು ಸಲ."

"ಮತ್ತೆ ಎಬ್ಬಿಸೋದಲ್ವೇನಯ್ಯಾ? ನಾನ್ಯಾಕೆ ಬಂದಿದ್ದೀನಿ ಇಲ್ಲಿ!"

ಡ್ರೈವರ್ ಮುಖ ಸಪ್ಪಗಾಯಿತು. "ಪಾಪ, ಬಾಯಿ ಬಿಟ್ಕೊಂಡು ಮಲಗಿದ್ರಿ. ಮನಸ್ಸು ಬರ್ಲಿಲ್ಲ."

ಮೇಸ್ತ್ರಿಯ ಸಿಟ್ಟು ಇಳಿಯಿತು. ಅಂಥ ಮಾತನ್ನು ಯಾರಾದರೂ ಅವನಿಗೆ ಹೇಳಿ ಎಷ್ಟು ದಿನವಾಗಿತ್ತೋ. ಟವೆಲನ್ನು ಮಡಿಸಿ ಪಕ್ಕಕ್ಕಿಟ್ಟ. "ಸರಿ, ಎಲ್ಲಿ ನಿಂತಿತು ಹೇಳು."

"ಒಂದ್ಸಲ ಸೇತುವೆ ದಾಟಿ ಎಡಕ್ಕೆ ಹೊರಳಿ ಏರು ಹತ್ತುವಾಗ. ಇನ್ನೊಂದ್ಸಲ ಇಲ್ಲೇ ಗೇಟಲ್ಲಿ. ಇದೂ ಎಡಕ್ಕೇ, ಏರೇ."

"ಯಾವಾಗ್ಲೂ ಹಂಗೇನಾ?"

ಡ್ರೈವರ್ ಸ್ವಲ್ಪ ಯೋಚಿಸಿದ. "ಈಗ ಕೇಳಿದ್ರೆ, ಹಂಗೇ ಅನ್ಸತ್ತೆ. ಮುಂಚೆ ಯಾರೂ ಕೇಳಿರ್ಲಿಲ್ಲ."

ಮೇಸ್ತ್ರಿಯೂ ಕೇಳಿರಲಿಲ್ಲ. ಬಾನೆಟ್ ಎತ್ತಿಸಿ, ಡ್ರೈವರನಿಗೆ ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಡಲು ಹೇಳಿ ತಾನು ಒಂದು ಬದಿಗೆ ನಿಂತು ನೋಡಿದ. ಎಂಜಿನ್ ಕೂತಿದ್ದ ರಬ್ಬರ್ ಸವೆದಿತ್ತು. ಭಾರ ಬೀಳುತ್ತಲೇ ಇಡೀ ಎಂಜಿನ್ ಒಂದು ಕಡೆಗೆ ವಾಲಿತು. ಅದರ ಜೊತೆ ಸೆನ್ಸರಿನ ವೈರೂ ಜಗ್ಗಿ ಒಂದು ಕಬ್ಬಿಣದ ಪಟ್ಟಿಗೆ ಒತ್ತಿಕೊಂಡಿತು. ಎಂಜಿನ್ ಆರಿಸಿ ಬೆರಳಿಂದ ಸವರಿದ. ವೈರಿನ ಸಿಪ್ಪೆ ಉಜ್ಜಿ ಹೋಗಿ ಒಳಗಿನ ತಾಮ್ರ ಬೆರಳಿಗೆ ಚುಚ್ಚಿತು. ಎಡಕ್ಕೆ ಹೊರಳಿ ಏರು ಹತ್ತುವಾಗ ಎಂಜಿನ್ ಹೀಗೇ ವಾಲಿ ತಾಮ್ರ ಪಟ್ಟಿಗೆ ತಾಗುತ್ತಿತ್ತು, ಸೆನ್ಸರಿನ ಸುದ್ದಿ ಕಂಪ್ಯೂಟರಿಗೆ ತಲುಪದೆ ವ್ಯಾನು ನಿಲ್ಲುತ್ತಿತ್ತು. ಗ್ಯಾರೇಜಿನಲ್ಲಿ ಗಾಡಿ ನಿಂತಲ್ಲೇ ನಿಂತಾಗ ಅದು ಪಟ್ಟಿಗೆ ತಾಗುತ್ತಲೇ ಇರಲಿಲ್ಲ.

ಅಲ್ಲೇ ಟೇಪು ಸುತ್ತಿ ವೈರನ್ನು ಪಟ್ಟಿಯಿಂದ ದೂರಕ್ಕೆ ಕಟ್ಟಿದ. ಅದೇ ಏರನ್ನು ಮತ್ತೆ ಮತ್ತೆ ಹತ್ತಿಸಿದರು. ವ್ಯಾನು ನಿಲ್ಲಲಿಲ್ಲ. ಡ್ರೈವರ್ ಸ್ಟೇರಿಂಗ್ ತಟ್ಟಿ ನಕ್ಕ. ಮೇಸ್ತ್ರಿಗೂ ನಗು ಬಂತು, ಆದರೆ ಅದು ಆಕಳಿಕೆಯಾಗಿ ಮುಗಿಯಿತು.

ಗ್ಯಾರೇಜಿಗೆ ಮರಳಿ ಹೊಸ ರಬ್ಬರ್ ಹಾಕಿ, ವೈರಿಗೆ ಬೇರೆ ತುಂಡು ಬೆಸೆದು ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು. ಯಜಮಾನ ಮೂಲೆಯಲ್ಲಿದ್ದ ಕೆಂಪು ಕಾರಿನತ್ತ ಗದ್ದ ಎತ್ತಿ ತೋರಿಸಿದ. "ಅದರದ್ದೂ ದೀಪ ಹೊತ್ತಿದೆಯಂತೆ. ಒಂದ್ಸಲ ನೋಡಿಬಿಡ್ತೀಯಾ?"

"ನಾಳೆ," ಎಂದ ಮೇಸ್ತ್ರಿ, ಕೈಗೆ ಸೋಪು ಹಚ್ಚುತ್ತಾ. "ನಾಳೆ ಬಂದು ಮೊದಲನೇ ಚೌಕದಿಂದ ನೋಡ್ತೀನಿ."

ಬಸ್ಸಿನಲ್ಲಿ ಸೀಟಿರಲಿಲ್ಲ. ಮನೆಯಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಳ್ಳುವ ಸರದಿ ಕಾದಿತ್ತು; ಕಂಬಿ ಹಿಡಿದು ನಿಂತೇ ಹೋದ.