ಕಿವಿರು ಎತ್ತಿ ನೋಡುತ್ತಿದ್ದ ಅತ್ತೆ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಅಂಚಿನಲ್ಲಿ ಸೀಳಿಹೋಗಿತ್ತು. ಮೀನಿನ ಕಿವಿರು ಎತ್ತಿ ಎತ್ತಿ ಹಾಗಾಗಿದ್ದು. ಸೀಗೆಪುಡಿ ಹಾಕಿ ಉಜ್ಜಿದರೂ ಆ ಬೆರಳಿನ ವಾಸನೆ ಹೋಗುತ್ತಿರಲಿಲ್ಲ. ಹಾಗಿದ್ದೂ ಅವರು ಮೀನನ್ನು ಬಾಯಿಗಿಡುತ್ತಿರಲಿಲ್ಲ. ಕೇಳಿದರೆ "ನಂಗೆ ಸೇರಾಕಿಲ್ಲ ಕಣಮ್ಮಿ" ಎಂದು ಮಾತು ಮುಗಿಸಿಬಿಡುತ್ತಿದ್ದರು.

ನಾನು ಚಾಮರಾಜನಗರದ ಕಡೆಯಿಂದ ಭೀಮನಬೀಡಿಗೆ ಸೊಸೆಯಾಗಿ ಬಂದವಳು. ಐವತ್ತರ ದಶಕದ ಮೊದಲ ವರ್ಷಗಳು. ಆ ಮನೆಯಲ್ಲಿ ಕೆಲಸಕ್ಕೆ ಕೊನೆ ಎಂಬುದೇ ಇರಲಿಲ್ಲ. ರಾಗಿ ಬೀಸು, ನೀರು ಹೊರು, ಕೊಟ್ಟಿಗೆ ಬಾಚು. ಈಗ ನೆನೆದರೂ ಸೊಂಟ ನೋಯುತ್ತದೆ. ಮೊದಲ ಬಸುರು ನಿಲ್ಲಲಿಲ್ಲ. ಎರಡನೆಯದು ನಿಂತಾಗ ಬೀಸುವ ಕಲ್ಲಿನ ಮುಂದೆ ಅತ್ತೆ ತಾವೇ ಬಂದು ಕೂತರು. ಮುದ್ದಿನ ಮಾತು ಆಡಿದವರಲ್ಲ. "ಓಗು, ಬಿದ್ಕೊ" ಎಂದರು, ಅಷ್ಟೆ.

ನನಗೋ ಮೀನಿನ ಬಯಕೆ ಹತ್ತಿಕೊಂಡಿತು. ಬಸುರಿಗೆ ಮೀನು ನಂಜು ಎಂದು ಕೇರಿಯ ಹೆಂಗಸರು ಗೊಣಗಿದರು. "ಮೀನಲ್ಲ ನಂಜು, ಅಳೇದಾದ್ರೆ ನಂಜು" ಎಂದು ಅತ್ತೆ ಕೆರೆ ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದರು. ಬಲೆಯಿಂದ ತೆಗೆದ ಮೀನು ಮಡಕೆಯ ನೀರಿನಲ್ಲಿ ಮಿಸುಕಾಡುತ್ತಲೇ ಮನೆಗೆ ಬರಬೇಕು. ದಾರಿಯಲ್ಲಿ ಸತ್ತಿದ್ದರೆ ಕಿವಿರು ಎತ್ತಿ ನೋಡುವರು, ಬೆರಳಿಂದ ಒತ್ತುವರು. ಚೂರು ಅನುಮಾನ ಬಂದರೂ ಅದು ನನ್ನ ತಟ್ಟೆಗಿಲ್ಲ. ಚೆನ್ನಾಗಿ ಬೇಯಿಸಿ ಬಿಸಿಯಾಗಿ ಬಡಿಸುತ್ತಿದ್ದರು. ಮಿಕ್ಕ ಸಾರನ್ನು ಮಾರನೆಯ ದಿನಕ್ಕೆ ನನಗೆ ಕೊಟ್ಟವರೇ ಅಲ್ಲ.

ನಮ್ಮ ಸೀಮೆಯಲ್ಲಿ ಒಂದು ನಂಬಿಕೆ. ಬಸುರಿ ಬಯಸಿದ್ದನ್ನು ಇಲ್ಲವೆನ್ನಬಾರದು, ಬಯಕೆ ತೀರದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎಂದು. ತವರಿನವರು ತಂದದ್ದನ್ನಂತೂ ಯಾರೂ ಬೇಡವೆನ್ನುವುದಿಲ್ಲ. ನನ್ನ ಬಯಕೆಯ ಸುದ್ದಿ ಮುಟ್ಟಿದ್ದೇ ಅಣ್ಣ ಬಸ್ಸು ಹತ್ತಿ ಬಂದ. ಗುಂಡ್ಲುಪೇಟೆಯಲ್ಲಿ ಇಳಿದು, ಘಟ್ಟದ ಕೆಳಗಿಂದ ಲಾರಿಯಲ್ಲಿ ಬಂದಿದ್ದ ಮತ್ತಿ ಮೀನನ್ನು ಎಲೆಯಲ್ಲಿ ಕಟ್ಟಿಸಿಕೊಂಡು, ಉರಿಬಿಸಿಲಲ್ಲಿ ನಡೆದು ಮನೆಗೆ ತಂದ. ಸಮುದ್ರದ ಮೀನು ನಾನು ಕಂಡದ್ದೇ ಅಪರೂಪ. ಬಾಯಲ್ಲಿ ನೀರೂರಿತು.

ಅತ್ತೆ ಕಟ್ಟು ಬಿಚ್ಚಿ ಕಿವಿರು ಎತ್ತಿದರು. ಒಳಗೆ ಮಣ್ಣಿನ ಬಣ್ಣ. ಮೈ ಒತ್ತಿದರು, ಬಿದ್ದ ಗುಳಿ ಮೇಲೇಳಲಿಲ್ಲ.

"ಇದು ಬ್ಯಾಡ ಕಣಪ್ಪ. ಕೆಟ್ಟೋಗದೆ."

"ಉಣಸೆ ಉಳಿ ಜಾಸ್ತಿ ಆಕಿ ಬೇಯ್ಸವ್ವ. ನನ್ ತಂಗಿಗೇ ಅಂತ ತಂದಿವ್ನಿ" ಎಂದ ಅಣ್ಣ.

ಅತ್ತೆ ಎದ್ದು, ಅಷ್ಟನ್ನೂ ತಿಪ್ಪೆಯಲ್ಲಿ ಹೂತು ಬಂದರು. ಅಣ್ಣ ಟವಲು ಕೊಡವಿ ಎದ್ದ. "ತವರಿನೋರು ತಂದಿದ್ದ ತಿಪ್ಪೆಗಾಕ್ಬುಟ್ರಲ್ಲ. ಇನ್ ಈ ಒಸ್ಲು ತುಳಿಯಾಕಿಲ್ಲ" ಎಂದವನು ನೀರನ್ನೂ ಮುಟ್ಟದೆ ಹೊರಟುಹೋದ. ಈ ಮುದುಕಿಗೆ ಕರುಳೇ ಇಲ್ಲ ಎಂದು ನಾನು ಗೋಡೆಗೆ ಮುಖ ಮಾಡಿ ಮಲಗಿದೆ.

ಆಡಿದಂತೆಯೇ ಅಣ್ಣ ಹೆರಿಗೆಗೆ ಕರೆದೊಯ್ಯಲು ಬರಲಿಲ್ಲ. ಅತ್ತೆಯೇ ಬಾಣಂತನ ಮಾಡಿದರು. ಆ ವಯಸ್ಸಿನಲ್ಲಿ ಹಂಡೆ ನೀರು ಕಾಯಿಸಿ ನನಗೂ ಮಗುವಿಗೂ ಎರೆದು, ಆಮೇಲೆ ಸೊಂಟ ಹಿಡಿದುಕೊಂಡು ಜಗುಲಿಯಲ್ಲಿ ಕೂತುಬಿಡುತ್ತಿದ್ದರು. ಹೆಣ್ಣು ಮಗು, ದುಂಡಗಿತ್ತು. ಒಂದು ದಿನ ಅದಕ್ಕೆ ಎಣ್ಣೆ ತಿಕ್ಕುತ್ತ, ನನ್ನ ಮುಖ ನೋಡದೆ ಹೇಳಿದರು.

"ನಂಗೂ ಒಬ್ಳು ಮಗ್ಳಿದ್ಲು ಕಣಮ್ಮಿ. ಬಸ್ರಿ. ಮೀನು ಬೇಕು ಅಂದ್ಲು. ಸಂತೇಲಿ ತಂದಿದ್ದು, ವಸಿ ವಾಸ್ನೆ ಇತ್ತು. ಬಯಕೆಗೆ ಇಲ್ಲ ಅನ್ಬಾರ್ದು ಅಂತ ಉಳಿ ಆಕಿ ನಾನೇ ಬಡಿಸ್ದೆ. ವಾಂತಿ ಭೇದಿ ನಿಲ್ಲನೇ ಇಲ್ಲ. ಒಟ್ಟೇಲಿದ್ದದ್ದೂ ಉಳೀನಿಲ್ಲ, ಅವ್ಳೂ ಒಂಟೋದ್ಲು."

"ಅವತ್ತೇ ನಮ್ಮಣ್ಣಂಗೆ ಏಳ್ಬೋದಿತ್ತಲ್ಲ ಅತ್ತೆ?"

"ಅದ ಏಳಾಕೆ ನಂಗೆ ಶಕ್ತಿ ಇಲ್ಲ ಕಣಮ್ಮಿ."

ಅಣ್ಣನಿಗೆ ಇದನ್ನೆಲ್ಲ ನಾನೇ ಹೇಳಿ ಕಳಿಸಿದೆ. ಅವನು ಬಂದು ಮಗುವನ್ನು ಎತ್ತಿಕೊಂಡ. ಅತ್ತೆ ಕೊಟ್ಟ ನೀರು ಕುಡಿದ.

ದಶಕ ಮುಗಿಯುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಕಣ್ಣೂ ಮಂಜಾಯಿತು. ಗಂಜಿಯೂ ಬೇಡ ಎನ್ನುತ್ತಿದ್ದವರು ಒಂದು ಬೆಳಿಗ್ಗೆ "ವಸಿ ಮೀನ್ ಸಾರು ಮಾಡಮ್ಮಿ" ಎಂದರು. ನಾನು ಕೆರೆ ಏರಿಗೆ ಓಡಿದೆ. ಮಡಕೆಯಲ್ಲಿ ಮಿಸುಕಾಡುತ್ತಿದ್ದ ಮೀನು ತಂದು, ಅವರ ಹೆಬ್ಬೆರಳು ಹಿಡಿದು ಕಿವಿರಿಗೆ ಮುಟ್ಟಿಸಲು ಹೋದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ನೀನ್ ನೋಡ್ದಾ?"

"ನೋಡ್ದೆ ಅತ್ತೆ."

"ಅಂಗಾದ್ರೆ ಸಾಕು ಬುಡು."

ಎರಡೇ ತುತ್ತು ತಿಂದರು. "ಚೆಂದಾಗದೆ. ಅವ್ಳಿಗೂ ಇಂಗೇ ಮಾಡ್ಬೇಕಿತ್ತು" ಎಂದು ಕಣ್ಣು ಮುಚ್ಚಿಕೊಂಡರು. ಅದೇ ವಾರ ತೀರಿಕೊಂಡರು.

ನನ್ನ ಮಕ್ಕಳೆಲ್ಲ ಆ ಸೀಳಿದ ಉಗುರಿನ ಋಣದಲ್ಲೇ ಬೆಳೆದವರು. ಅದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ. ಹಿರಿಯರಿಗೆ ಎಡೆ ಇಡುವ ದಿನ ಏರಿಗೆ ಹೋಗಿ, ನಿಂತು, ನೋಡಿ ಮೀನು ತರುತ್ತೇನೆ. ಅತ್ತೆಗೆ ಒಂದು ಎಲೆ ಹಾಕುತ್ತೇನೆ. ಅದರ ಪಕ್ಕದಲ್ಲಿ ಇನ್ನೊಂದು, ನಾನು ಕಾಣದ ನನ್ನ ನಾದಿನಿಗೆ. ಬಿಸಿ ಸಾರನ್ನು ಮೊದಲು ಬಡಿಸುವುದು ಅವಳ ಎಲೆಗೆ.